ಎಲ್ಲಾ ಹೊಸದು ಹಾಕಿಸಿದ ಮೇಲೂ ಅಂಬಾಸಡರ್ ದಾರಿಯಲ್ಲಿ ನಿಲ್ಲುತ್ತಿದ್ದರೆ

"ಪಾಯಿಂಟ್, ಕಂಡೆನ್ಸರ್, ರೋಟರ್, ಕಾಯಿಲ್, ಪೆಟ್ರೋಲ್ ಪಂಪ್, ಎಲ್ಲಾ ಹೊಸದು ಹಾಕಿಸಿದ್ದೀನಿ. ಬೆಳಿಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತೆ. ಸ್ವಲ್ಪ ದೂರ ಹೋಗಿ ಹೀಟ್ ಆದ ಮೇಲೆ ಸುಮ್ನೆ ನಿಂತುಬಿಡುತ್ತೆ. ಅರ್ಧ ಗಂಟೆ ಬಿಟ್ಟರೆ ಮತ್ತೆ ಏನೂ ಆಗಿಲ್ಲ ಅನ್ನೋ ಹಾಗೆ ಹೊರಡುತ್ತೆ."

ಹಳೆ ಅಂಬಾಸಡರ್ ಸರಿಮಾಡಲು ಹೊರಟವರಿಂದ ನಾನು ಅತಿ ಜಾಸ್ತಿ ಕೇಳಿರುವ ದೂರು ಇದು. ಇದಕ್ಕೆ ಎಂಜಿನ್ ಬಿಚ್ಚುವವರಿದ್ದಾರೆ, ಕಾರ್ಬುರೇಟರ್ ಬದಲಾಯಿಸುವವರಿದ್ದಾರೆ, ಬೇಸತ್ತು ಕಾರನ್ನೇ ಮಾರಿದವರೂ ಇದ್ದಾರೆ. ಆದರೆ ಬಹಳ ಸಲ ಕಾರನ್ನು ನಿಲ್ಲಿಸುತ್ತಿರುವುದು ಹೊಸದಾಗಿ ಹಾಕಿದ ಸಾಮಾನುಗಳಲ್ಲೇ ಒಂದು. ಆದ್ದರಿಂದ ಕೊನೆಯದಾಗಿ ಏನು ಬದಲಾಯಿಸಿದಿರೋ ಅಲ್ಲಿಂದಲೇ ಹುಡುಕಲು ಶುರು ಮಾಡಿ. ಈ ಬರಹ ಪೂರ್ತಿ ಆ ಒಂದು ಮಾತಿನ ಮೇಲೆ ನಿಂತಿದೆ.

ಕಾರಣ ಸರಳ. ಹಿಂದೂಸ್ತಾನ್ ಮೋಟಾರ್ಸ್ 1957ರಲ್ಲಿ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರ ಮಾದರಿ ಇಟ್ಟುಕೊಂಡು ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಡರ್ ಮಾಡಲು ತೊಡಗಿತು. 2014ರ ಮೇ ತಿಂಗಳಲ್ಲಿ ಆ ಕಾರ್ಖಾನೆ ಕೆಲಸ ನಿಲ್ಲಿಸಿತು. ಈಗ ಸಿಗುವ ಸಾಮಾನು ಮೂರು ಬಗೆ. ಒಂದು, ಗೋಡೌನಿನಲ್ಲಿ ವರ್ಷಗಟ್ಟಲೆ ಕೂತಿದ್ದ ಹಳೆ ಸ್ಟಾಕು. ಎರಡು, ಗುಜರಿಯಲ್ಲಿ ಇನ್ನೊಂದು ಕಾರಿನಿಂದ ಬಿಚ್ಚಿದ್ದು. ಮೂರು, ಈಗ ಸಣ್ಣ ವರ್ಕ್‌ಶಾಪುಗಳಲ್ಲಿ ತಯಾರಾಗುವ ನಕಲು. ಬೆಂಗಳೂರಿನ ಜೆಸಿ ರಸ್ತೆಗೆ ಹೋಗಿ, ಚೆನ್ನೈನ ಪುದುಪೇಟೆಗೆ ಹೋಗಿ, ಕೋಲ್ಕತ್ತದ ಮಲ್ಲಿಕ್ ಬಜಾರಿಗೇ ಹೋಗಿ, ಈ ಮೂರರಲ್ಲಿ ಒಂದು ನಿಮ್ಮ ಕೈಗೆ ಬರುತ್ತದೆ. ಮೂರೂ ಒಂದೇ ಥರದ ಡಬ್ಬಿಯಲ್ಲಿ ಬರಬಹುದು, ಅದೇ ತೊಂದರೆ.

ನಾನು ಪಾಲಿಸುವ ಲೆಕ್ಕ ಇಷ್ಟು. ಬರೀ ಲೋಹದ ಸಾಮಾನಾದರೆ ಹಳೆ ಸ್ಟಾಕಿಗೆ ಕಣ್ಣುಮುಚ್ಚಿ ಕೈಹಾಕಬಹುದು, ಉಕ್ಕು ಎರಕ ಎಲ್ಲ ಗಟ್ಟಿ ಇರುತ್ತವೆ. ರಬ್ಬರಾದರೆ ಹಳೆ ಸ್ಟಾಕು ಬೇಡವೇ ಬೇಡ, ಡಬ್ಬಿ ಒಡೆಯದಿದ್ದರೂ ಒಳಗೆ ರಬ್ಬರಿಗೆ ವಯಸ್ಸಾಗಿರುತ್ತದೆ. ಕಿಡಿ ಹುಟ್ಟಿಸುವ ಇಗ್ನಿಷನ್ ಸಾಮಾನಾದರೆ (ಪಾಯಿಂಟ್, ಕಂಡೆನ್ಸರ್, ರೋಟರ್, ಕಾಯಿಲ್) ಯಾವ ಬಗೆಯದ್ದಾದರೂ ಸರಿ, ಪರೀಕ್ಷೆ ಮಾಡದೆ ಹಾಕಬೇಡಿ.

ಅಂಗಡಿಗೆ ಹೋಗುವ ಮೊದಲು

ನಿಮ್ಮ ಕಾರಿನಲ್ಲಿ ಯಾವ ಎಂಜಿನ್ ಇದೆ ಅನ್ನುವುದನ್ನು ಬ್ಲಾಕಿನ ಮೇಲಿನ ನಂಬರ್ ನೋಡಿ ತಿಳಿದುಕೊಳ್ಳಿ. ಮುಂದಿನ ಗ್ರಿಲ್ ನೋಡಿ "ಇದು ಮಾರ್ಕ್ 2, ಇದು ಮಾರ್ಕ್ 4" ಅಂತ ಹೇಳಿ ಸಾಮಾನು ತಂದರೆ ಮೋಸ ಹೋಗುತ್ತೀರಿ. ಟ್ಯಾಕ್ಸಿಯಾಗಿ ಓಡಿದ ಕಾರುಗಳಲ್ಲಿ ಗ್ರಿಲ್ಲು, ಬಾಗಿಲು, ಎಂಜಿನ್ ಎಲ್ಲವೂ ಬೇರೆ ಬೇರೆ ಕಾರಿನಿಂದ ಬಂದಿರಬಹುದು. ಇಲ್ಲಿ ನಾನು ಮಾತಾಡುತ್ತಿರುವುದು 1489 ಸಿಸಿಯ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಬಿ ಸೀರೀಸ್ ಪೆಟ್ರೋಲ್ ಎಂಜಿನ್ ಬಗ್ಗೆ. ಇದೇ ಎಂಜಿನ್ ಇಂಗ್ಲೆಂಡಿನ ಮೊದಲ ಎಂಜಿಎ ಸ್ಪೋರ್ಟ್ಸ್ ಕಾರಿನಲ್ಲೂ ಇತ್ತು. ಹಾಗಾಗಿ ಇದರ ಅಳತೆಗಳೆಲ್ಲ ಹಳೆ ಇಂಗ್ಲಿಷ್ ಮ್ಯಾನ್ಯುಯಲ್‌ಗಳಲ್ಲಿ ಸಲೀಸಾಗಿ ಸಿಗುತ್ತವೆ, ನಮ್ಮ ಪುಣ್ಯ. 1990ರ ದಶಕದಲ್ಲಿ ಬಂದ 1800 ಐಎಸ್‌ಜಡ್‌ನ ಇಸುಜು ಎಂಜಿನ್‌ಗೂ ಇದಕ್ಕೂ ಸಂಬಂಧ ಇಲ್ಲ.

ಬಿಚ್ಚಿದ ಹಳೆ ಸಾಮಾನನ್ನು ಮೆಕ್ಯಾನಿಕ್ ಹತ್ತಿರ ಬಿಡಬೇಡಿ. ಒಂದೊಂದಕ್ಕೂ ಚೀಟಿ ಕಟ್ಟಿ, "ಓಡುತ್ತಿದ್ದಾಗ ಬಿಚ್ಚಿದ್ದು" ಅಥವಾ "ಕೆಟ್ಟಿದ್ದು" ಅಂತ ಬರೆದಿಡಿ. ಓಡುತ್ತಿದ್ದಾಗ ಬಿಚ್ಚಿದ ಹಳೆ ಕಂಡೆನ್ಸರ್‌ಗಿಂತ ಒಳ್ಳೆಯ ಪರೀಕ್ಷೆಯ ಸಾಧನ ಇನ್ನೊಂದಿಲ್ಲ. ಇದಕ್ಕೆ ಇನ್ನೊಂದು ಕಾರಣವೂ ಇದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ತಂದ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಗೆ 'ವಿಎ' ಸರಣಿಯ ವಿಂಟೇಜ್ ನಂಬರ್ ಸಿಗುತ್ತದೆ. ಆದರೆ ಗಾಡಿ ಮೂಲ ರೂಪದಲ್ಲಿರಬೇಕು, ಚಾಸಿಸ್, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಮುಂದೆ ಅಂಥ ನಂಬರಿಗೆ ಹಾಕುವ ಯೋಚನೆ ಇದ್ದರೆ ಮೂಲದ ಸಾಮಾನನ್ನು ಬಿಸಾಡುವುದು ತಪ್ಪು.

ಇನ್ನೊಂದು ಮಾತು, ಒಂದು ಸಲಕ್ಕೆ ಒಂದೇ ಸಾಮಾನು ಬದಲಾಯಿಸಿ. ಬದಲಾಯಿಸಿ ಓಡಿಸಿ, ನೋಡಿ, ಆಮೇಲೆ ಮುಂದಿನದು. ಗ್ಯಾರೇಜಿನವರಿಗೆ ಇದು ಇಷ್ಟ ಆಗಲ್ಲ, ಅವರ ಟೈಮ್ ಹಾಳಾಗುತ್ತೆ. ಆದರೆ ಐದು ಸಾಮಾನು ಒಟ್ಟಿಗೆ ಹಾಕಿ ಕಾರು ಕೆಟ್ಟರೆ ಯಾವುದನ್ನು ಹಿಡಿಯುತ್ತೀರಿ?

ನಿಂತ ಜಾಗದಲ್ಲೇ ನೋಡಬೇಕಾದ್ದು

ಬಿಸಿಯಾದಾಗ ಮಾತ್ರ ಬರುವ ದೋಷವನ್ನು ಬಿಸಿ ಇರುವಾಗಲೇ ಹಿಡಿಯಬೇಕು. ಟೋ ಮಾಡಿಸಿಕೊಂಡು ಗ್ಯಾರೇಜಿಗೆ ಬರುವಷ್ಟರಲ್ಲಿ ತಣ್ಣಗಾಗಿ ಎಲ್ಲ ಸರಿ ಇರುತ್ತದೆ. ಆದ್ದರಿಂದ ಡಿಕ್ಕಿಯಲ್ಲಿ ಒಂದು ಮಲ್ಟಿಮೀಟರ್, ಹಿಡಿಗೆ ಪ್ಲಾಸ್ಟಿಕ್ ಇರುವ ಕಟಿಂಗ್ ಪ್ಲೇಯರ್, ಸಣ್ಣ ಸಂದು ಅಳೆಯುವ ಫೀಲರ್ ಗೇಜ್, ಒಂದು ಮಾರು ವೈರು ಇರಲಿ.

ಮೊದಲು, ಕಾರು ಹೇಗೆ ನಿಂತಿತು ಅಂತ ನೆನಪು ಮಾಡಿಕೊಳ್ಳಿ. ಚಾವಿ ತಿರುಗಿಸಿ ಆಫ್ ಮಾಡಿದ ಹಾಗೆ ಒಮ್ಮೆಗೇ ನಿಂತಿದ್ದರೆ ಕರೆಂಟಿನ ಕಡೆ ಅನುಮಾನ. ಜಗ್ಗಿ ಜಗ್ಗಿ, ಪಿಕಪ್ ಕಮ್ಮಿಯಾಗಿ, ಚೋಕ್ ಎಳೆದರೆ ಸ್ವಲ್ಪ ಚೇತರಿಸಿಕೊಂಡು ಆಮೇಲೆ ನಿಂತಿದ್ದರೆ ಪೆಟ್ರೋಲಿನ ಕಡೆ. ಇದೇ ಕೊನೆಯ ತೀರ್ಮಾನ ಅಂತ ಹೇಳಲಾರೆ, ಆದರೂ ಎಲ್ಲಿಂದ ಶುರು ಮಾಡಬೇಕು ಅನ್ನುವುದಕ್ಕೆ ಸಾಕು.

ಬಾನೆಟ್ ಎತ್ತಿ, ಪೆಟ್ರೋಲ್ ಎಲ್ಲೂ ಸೋರುತ್ತಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಸೋರುತ್ತಿದ್ದರೆ ಕಿಡಿಯ ಪರೀಕ್ಷೆ ಬೇಡ. ಸೋರದಿದ್ದರೆ, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಕ್ಯಾಪಿನ ಮಧ್ಯದಿಂದ ಕಾಯಿಲ್ ವೈರನ್ನು ಕಿತ್ತು, ಪ್ಲೇಯರಿನಲ್ಲಿ ಹಿಡಿದು, ತುದಿಯನ್ನು ಬ್ಲಾಕಿನಿಂದ ಐದಾರು ಮಿಲಿಮೀಟರ್ ದೂರ ಇಟ್ಟು ಸೆಲ್ಫ್ ಹೊಡೆಸಿ. ನೀಲಿ ಬಣ್ಣದ ದಪ್ಪ ಕಿಡಿ ಚಟಚಟ ಅಂತ ಹಾರಿದರೆ ಕಾಯಿಲ್ ತನಕ ಎಲ್ಲ ಸರಿ. ಹಳದಿ ಬಣ್ಣದ ಸಣಕಲು ಕಿಡಿ ಬಂದರೆ ಅಥವಾ ಏನೂ ಬರದಿದ್ದರೆ ಪಾಯಿಂಟ್, ಕಂಡೆನ್ಸರ್, ಕಾಯಿಲ್, ಒಳಗಿನ ವೈರು, ಇವುಗಳಲ್ಲೊಂದು. ಇಲ್ಲಿ ಒಳ್ಳೆ ಕಿಡಿ ಇದ್ದು ಪ್ಲಗ್ಗಿನಲ್ಲಿ ಇಲ್ಲದಿದ್ದರೆ ರೋಟರ್ ಇಲ್ಲವೇ ಕ್ಯಾಪು. ಎರಡೂ ಕಡೆ ಕಿಡಿ ಚೆನ್ನಾಗಿದ್ದರೆ ಪೆಟ್ರೋಲಿನ ವಿಷಯಕ್ಕೆ ಹೋಗಿ.

ಡೆಲ್ಕೋದೊಳಗೆ

ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲಿ ಡಿಸ್ಟ್ರಿಬ್ಯೂಟರ್ ಅಂದರೆ ಡೆಲ್ಕೋ. ಮುಷ್ಟಿಯಷ್ಟು ಜಾಗದಲ್ಲಿ ಇಷ್ಟೊಂದು ತೊಂದರೆ ಇರುವ ಜಾಗ ಕಾರಿನಲ್ಲಿ ಇನ್ನೊಂದಿಲ್ಲ. ಅದಕ್ಕೇ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಮೊದಲ ಅನುಮಾನ ಕಂಡೆನ್ಸರ್ ಮೇಲೆ. ಕಾಯಿಲಿನ ಕರೆಂಟನ್ನು ಕಡಿದು ಕೂಡಿಸುವ ಪಾಯಿಂಟಿನ ಬಾಯಲ್ಲಿ ಕಿಡಿ ಹಾರದಂತೆ ತಡೆಯುವುದು ಇದರ ಕೆಲಸ. ಈಗಿನ ನಕಲುಗಳಲ್ಲಿ ಅತಿ ಬೇಗ ಕೈಕೊಡುವುದು ಇದೇ. ಬಿಸಿಯಾದಾಗ ಸತ್ತು, ತಣ್ಣಗಾದಾಗ ಬದುಕುವುದು ಇದರ ಹಳೆ ಚಾಳಿ. ಲಕ್ಷಣ ಏನೆಂದರೆ, ಕ್ಯಾಪ್ ತೆಗೆದು ಸೆಲ್ಫ್ ಹೊಡೆದಾಗ ಪಾಯಿಂಟಿನ ಬಾಯಲ್ಲಿ ಜೋರಾಗಿ ಕಿಡಿ ಕಾಣುತ್ತದೆ, ಪ್ಲಗ್ಗಿಗೆ ಹೋಗಬೇಕಾದ ಶಕ್ತಿ ಅಲ್ಲೇ ಉರಿದುಹೋಗುತ್ತದೆ. ಪಾಯಿಂಟಿನ ಒಂದು ಮುಖದಲ್ಲಿ ಗುಳಿ, ಇನ್ನೊಂದರಲ್ಲಿ ಗುಪ್ಪೆ ಬೇಗ ಆಗುತ್ತದೆ.

ಮೀಟರ್‌ನಲ್ಲಿ ಅಳೆದರೆ ಲ್ಯೂಕಾಸ್ ಬಗೆಯ ಕಂಡೆನ್ಸರ್ 0.18ರಿಂದ 0.25 ಮೈಕ್ರೋಫ್ಯಾರಡ್ ಒಳಗೆ ಇರಬೇಕು. ಇದನ್ನು ಅಂಗಡಿಯಲ್ಲೇ ಅಳೆಯಿರಿ, ಯಾರೂ ಬೇಡ ಅನ್ನಲ್ಲ. ಆದರೆ ಮೀಟರ್ ಪಾಸ್ ಮಾಡಿತು ಅಂತ ನಂಬಿಬಿಡಬೇಡಿ. ಮೀಟರ್ ಕೊಡುವುದು ಕೆಲವೇ ವೋಲ್ಟ್. ಪಾಯಿಂಟ್ ತೆರೆದ ಕ್ಷಣದಲ್ಲಿ ಕಂಡೆನ್ಸರ್ ಮೇಲೆ ಬೀಳುವುದು ನೂರಾರು ವೋಲ್ಟ್, ಅದೂ ಬಿಸಿ ಎಂಜಿನ್ ಪಕ್ಕದಲ್ಲಿ. ಹೇರ್ ಡ್ರೈಯರ್‌ನಲ್ಲಿ ಕಂಡೆನ್ಸರನ್ನು ಚೆನ್ನಾಗಿ ಬಿಸಿ ಮಾಡಿ ಮತ್ತೆ ಅಳೆದರೆ ಕೆಲವು ಅಲ್ಲೇ ಸಿಕ್ಕಿಬೀಳುತ್ತವೆ, ಎಲ್ಲವೂ ಅಲ್ಲ.

ದಾರಿಯಲ್ಲಿ ಮಾಡಬಹುದಾದ ನಿಜವಾದ ಪರೀಕ್ಷೆ ಇದು. ಹೊಸ ಕಂಡೆನ್ಸರಿನ ವೈರನ್ನು ಬಿಚ್ಚಿ ಬೇರೆ ಮಾಡಿ. ಬಿಚ್ಚುವುದನ್ನು ಮರೆಯಬೇಡಿ, ಅದು ಶಾರ್ಟ್ ಆಗಿದ್ದರೆ ಪಕ್ಕದಲ್ಲಿ ಇನ್ನೊಂದು ಹಾಕಿ ಪ್ರಯೋಜನ ಇಲ್ಲ. ಈಗ ಚೀಟಿ ಕಟ್ಟಿಟ್ಟ ಹಳೆ ಕಂಡೆನ್ಸರನ್ನು ಡೆಲ್ಕೋ ಹೊರಗೇ, ಅದರ ಮೈ ಬಾಡಿಗೆ ತಾಗುವ ಹಾಗೆ ಕಾಯಿಲ್ ಕ್ಲ್ಯಾಂಪಿನ ಬೋಲ್ಟಿಗೆ ಬಿಗಿದು, ಅದರ ವೈರನ್ನು ಕಾಯಿಲಿನಿಂದ ಡೆಲ್ಕೋಗೆ ಹೋಗುವ ಸಣ್ಣ ಟರ್ಮಿನಲ್ಲಿಗೆ ಸೇರಿಸಿ. ಕರೆಂಟಿನ ಲೆಕ್ಕದಲ್ಲಿ ಪಾಯಿಂಟ್ ಹತ್ತಿರ ಇದ್ದರೂ ಒಂದೇ, ಇಲ್ಲಿದ್ದರೂ ಒಂದೇ. ಕಾರು ಬಿಸಿಯಲ್ಲೇ ಸ್ಟಾರ್ಟ್ ಆದರೆ ಕಳ್ಳ ಸಿಕ್ಕಂತೆ. ನನಗೆ ಗೊತ್ತಿರುವ ಎಷ್ಟೋ ಜನ ಇದನ್ನು ಹಾಗೇ ಹೊರಗಡೆಯೇ ಬಿಟ್ಟಿದ್ದಾರೆ. ಅಲ್ಲಿ ಬಿಸಿ ಕಮ್ಮಿ, ಬಾಳಿಕೆ ಜಾಸ್ತಿ. ನೋಡಲು ಮೂಲದ ಹಾಗಿರಲ್ಲ ಅನ್ನುವುದು ನಿಜ, ಆದರೆ ಕಾರು ಓಡಬೇಕು ಅಲ್ವಾ?

ಎರಡನೆಯದು ರೋಟರ್, ಕ್ಯಾಪಿನೊಳಗೆ ತಿರುಗುತ್ತಾ ಕಿಡಿಯನ್ನು ಒಂದೊಂದೇ ಪ್ಲಗ್ಗಿಗೆ ಹಂಚುವುದು. ಇದು ನೋಡಲು ಏನೂ ಅಲ್ಲದ ಕಪ್ಪು ಪ್ಲಾಸ್ಟಿಕ್ ತುಂಡು, ಮೇಲೆ ಹಿತ್ತಾಳೆಯ ಪಟ್ಟಿ. ನಕಲುಗಳಲ್ಲಿ ಆ ಪಟ್ಟಿಯನ್ನು ಹಿಡಿದಿರುವ ರಿವೆಟ್ ಪ್ಲಾಸ್ಟಿಕ್ಕಿನೊಳಗೆ ಆಳಕ್ಕೆ ಇಳಿದಿರುತ್ತದೆ. ಅದರ ತುದಿಗೂ ಕೆಳಗಿನ ಶಾಫ್ಟಿಗೂ ನಡುವೆ ತೆಳ್ಳಗಿನ ಪ್ಲಾಸ್ಟಿಕ್ ಮಾತ್ರ. ಬಿಸಿಯಾದಾಗ ಕರೆಂಟು ಆ ತೆಳು ಗೋಡೆಯನ್ನು ತೂತು ಮಾಡಿಕೊಂಡು ಶಾಫ್ಟಿಗೆ ಇಳಿದುಬಿಡುತ್ತದೆ, ಪ್ಲಗ್ಗಿಗೆ ಹೋಗುವುದೇ ಇಲ್ಲ. ರೋಟರನ್ನು ತೆಗೆದು ಅದರ ಹೊಟ್ಟೆಯೊಳಗೆ ಟಾರ್ಚ್ ಬಿಟ್ಟು ನೋಡಿದರೆ ಕೆಲವು ಸಲ ಸೂಜಿಮೊನೆಯಷ್ಟು ಬಿಳಿಚಿದ ಚುಕ್ಕೆ, ಅದರ ಸುತ್ತ ಕೂದಲೆಳೆಯಂಥ ಮಸಿಯ ಗೆರೆ ಕಾಣುತ್ತದೆ. ಎಷ್ಟೋ ಸಲ ಏನೂ ಕಾಣಲ್ಲ.

ಪರೀಕ್ಷೆ ಸುಲಭ. ಕ್ಯಾಪ್ ತೆಗೆಯಿರಿ, ರೋಟರ್ ಜಾಗದಲ್ಲೇ ಇರಲಿ. ಪಾಯಿಂಟ್ ಮುಚ್ಚಿರುವ ಹಾಗೆ ಎಂಜಿನ್ ನಿಲ್ಲಿಸಿ ಇಗ್ನಿಷನ್ ಆನ್ ಮಾಡಿ. ಕಾಯಿಲ್ ವೈರಿನ ತುದಿಯನ್ನು ರೋಟರಿನ ಹಿತ್ತಾಳೆಯ ಮೇಲೆ ಎರಡು ಮೂರು ಮಿಲಿಮೀಟರ್ ಎತ್ತರದಲ್ಲಿ ಹಿಡಿದು, ಹಿಡಿ ಒಣಗಿರುವ ಸ್ಕ್ರೂಡ್ರೈವರ್‌ನಿಂದ ಪಾಯಿಂಟನ್ನು ಟಕ್ ಅಂತ ಬಿಡಿಸಿ, ಮತ್ತೆ ಮುಚ್ಚಿ, ಮತ್ತೆ ಬಿಡಿಸಿ. ರೋಟರ್ ಚೆನ್ನಾಗಿದ್ದರೆ ಕಿಡಿಗೆ ಹೋಗಲು ದಾರಿ ಇಲ್ಲ, ಏನೂ ಆಗಲ್ಲ. ಪ್ರತಿ ಸಲವೂ ಹಿತ್ತಾಳೆಗೆ ಕಿಡಿ ಹಾರಿದರೆ ಅದು ರೋಟರ್ ಒಳಗಿಂದ ಶಾಫ್ಟಿಗೆ ಹೋಗುತ್ತಿದೆ ಅಂತ ಅರ್ಥ. ಆ ರೋಟರನ್ನು ಎರಡು ತುಂಡು ಮಾಡಿ ಎಸೆಯಿರಿ, ಇನ್ಯಾರೋ ಅದನ್ನು ಸ್ಪೇರ್ ಅಂತ ಎತ್ತಿಡುವುದು ಬೇಡ. ಕೊಳ್ಳುವಾಗ ರಿವೆಟ್ ಇಲ್ಲದೆ ಪಟ್ಟಿಯನ್ನು ಪ್ಲಾಸ್ಟಿಕ್ಕಿನಲ್ಲೇ ಎರಕ ಹಾಕಿರುವ ರೋಟರ್ ಸಿಕ್ಕರೆ ಬೆಲೆ ಜಾಸ್ತಿಯಾದರೂ ಅದನ್ನೇ ತನ್ನಿ.

ಮೂರನೆಯದು ಪಾಯಿಂಟ್ ಸೆಟ್ಟು. ಇಲ್ಲಿ ಸಾಮಾನಿಗಿಂತ ಜೋಡಣೆಯ ತಪ್ಪು ಜಾಸ್ತಿ. ಹಳೆ ಲ್ಯೂಕಾಸ್ ಡೆಲ್ಕೋದಲ್ಲಿ ಪಾಯಿಂಟಿನ ಸ್ಪ್ರಿಂಗ್ ಒಂದು ಸಣ್ಣ ಕಂಬಕ್ಕೆ ಕೂರುತ್ತದೆ. ಆ ಕಂಬ ಬಾಡಿಗೆ ಸೇರಿದ್ದು, ಅಂದರೆ ಅರ್ಥು (ಕರೆಂಟು ಬ್ಯಾಟರಿಗೆ ವಾಪಸ್ ಹೋಗುವ ದಾರಿ). ಸ್ಪ್ರಿಂಗಿಗೆ ಕಾಯಿಲಿನ ಕರೆಂಟು ಬರುತ್ತದೆ. ಎರಡನ್ನೂ ಬೇರೆ ಇಡುವುದು ಟೋಪಿಯಾಕಾರದ ಒಂದು ಪುಟ್ಟ ಪ್ಲಾಸ್ಟಿಕ್ ಬುಷ್. ಕಾಯಿಲ್ ವೈರಿನ ಕಣ್ಣು, ಕಂಡೆನ್ಸರ್ ವೈರಿನ ಕಣ್ಣು, ಎರಡೂ ಆ ಬುಷ್ಷಿನ ಕುತ್ತಿಗೆಯ ಸುತ್ತ ಕೂತು ಸ್ಪ್ರಿಂಗನ್ನು ಮುಟ್ಟಬೇಕು, ಕಂಬವನ್ನಾಗಲಿ ಮೇಲಿನ ನಟ್ಟನ್ನಾಗಲಿ ಮುಟ್ಟಬಾರದು. ಬುಷ್ಷನ್ನು ಸ್ಪ್ರಿಂಗಿಗೂ ವೈರಿಗೂ ನಡುವೆ ಹಾಕಿಬಿಟ್ಟರೆ ಕರೆಂಟೇ ಬರಲ್ಲ. ವೈರಿನ ಕಣ್ಣು ನಟ್ಟಿಗೆ ತಾಗಿದರೆ ಪಾಯಿಂಟ್ ತೆರೆದರೂ ಮುಚ್ಚಿದ ಹಾಗೇ ಲೆಕ್ಕ. ಇನ್ನೂ ಕಷ್ಟದ್ದು, ಅಲುಗಾಡಿದಾಗ ಮಾತ್ರ ತಾಗುವುದು.

ಇದನ್ನು ಹಿಡಿಯಲು ಪಾಯಿಂಟ್ ನಡುವೆ ಒಂದು ಚೂರು ಪೇಪರ್ ಸಿಕ್ಕಿಸಿ. ಕಾಯಿಲ್ ಕಡೆಯ ವೈರು ಬಿಚ್ಚಿ, ಆ ವೈರಿಗೂ ಬಾಡಿಗೂ ಮೀಟರ್ ಹಚ್ಚಿ. ಕನೆಕ್ಷನ್ ಇರಲೇಬಾರದು. ಮೀಟರ್ ಹಚ್ಚಿಟ್ಟುಕೊಂಡೇ ಒಳಗಿನ ವೈರನ್ನು ಬೆರಳಿನಿಂದ ಆಚೀಚೆ ಅಲ್ಲಾಡಿಸಿ. ಆಮೇಲೆ ಪೇಪರ್ ತೆಗೆದು, ಪಾಯಿಂಟ್ ಮುಚ್ಚಿ, ಬೇಸ್ ಪ್ಲೇಟನ್ನು ಸ್ವಲ್ಪ ತಿರುಗಿಸಿ ನೋಡಿ. ಈಗ ಕನೆಕ್ಷನ್ ಕಡಿಯಬಾರದು. ಕಡಿದರೆ ಒಳಗಿನ ಸಣ್ಣ ವೈರು ಅಥವಾ ಬೇಸ್ ಪ್ಲೇಟಿನ ಅರ್ಥ್ ವೈರು ಪ್ಲಾಸ್ಟಿಕ್ ಒಳಗೇ ಮುರಿದಿದೆ. ಮೂಲದಲ್ಲಿ ಇಲ್ಲಿ ಬಲು ಮೆತ್ತಗಿನ, ಸಣ್ಣ ಎಳೆಗಳ ವೈರು ಇರುತ್ತಿತ್ತು. ಕಿಡಿಯ ಸಮಯವನ್ನು ಮುಂದಕ್ಕೆ ತರುವ ವ್ಯಾಕ್ಯೂಮ್ ಅಡ್ವಾನ್ಸ್ ಪ್ಲೇಟನ್ನು ಎಳೆದಾಗಲೆಲ್ಲ ಇದು ಬಾಗಬೇಕು. ಮನೆ ವೈರಿಂಗಿನ ಬಿರುಸು ವೈರು ಹಾಕಿದರೆ ಬೇಗ ಮುರಿಯುತ್ತದೆ, ಅದೂ ಹೊರಗಿಂದ ಗೊತ್ತಾಗದ ಹಾಗೆ.

ಪಾಯಿಂಟ್ ಗ್ಯಾಪ್ 0.35ರಿಂದ 0.40 ಮಿಲಿಮೀಟರ್. ಹೊಸ ಪಾಯಿಂಟಿನ ಹಿಮ್ಮಡಿ ಕ್ಯಾಮಿಗೆ ಉಜ್ಜಿ ಸವೆಯುತ್ತದೆ. ಕ್ಯಾಮಿಗೆ ತೆಳ್ಳಗೆ ಗ್ರೀಸ್ ಸವರದಿದ್ದರೆ ಇನ್ನೂ ಬೇಗ. ಸವೆದಂತೆ ಗ್ಯಾಪ್ ಕಮ್ಮಿಯಾಗುತ್ತದೆ, ಟೈಮಿಂಗ್ (ಕಿಡಿ ಹಾರುವ ಸಮಯ) ಹಿಂದೆ ಬೀಳುತ್ತದೆ, ಪಿಕಪ್ ಹೋಗುತ್ತದೆ, ಎಂಜಿನ್ ಹೀಟ್ ಆಗುತ್ತದೆ. ಆಗ ಎಷ್ಟೋ ಜನ ರೇಡಿಯೇಟರ್ ಬಿಚ್ಚಲು ಹೊರಡುತ್ತಾರೆ. ಹೊಸ ಪಾಯಿಂಟ್ ಹಾಕಿ ಮುನ್ನೂರು ನಾನ್ನೂರು ಕಿಲೋಮೀಟರ್ ಆದ ಮೇಲೆ ಗ್ಯಾಪ್ ಮತ್ತೆ ನೋಡಲೇಬೇಕು.

ಕಾಯಿಲ್ ಬಗ್ಗೆ ಒಂದೇ ವಿಷಯ. ಈ ಕಾರಿಗೆ ಬೇಕಾದ್ದು ಪ್ರೈಮರಿಯಲ್ಲಿ ಸುಮಾರು 3 ಓಮ್ ಇರುವ ಕಾಯಿಲ್. ಮಾರುಕಟ್ಟೆಯಲ್ಲಿ 1.5 ಓಮ್ ಆಸುಪಾಸಿನದ್ದೂ ಸಿಗುತ್ತದೆ, ಅದು ಕಾಯಿಲಿನ ಕರೆಂಟು ತಗ್ಗಿಸುವ ಬ್ಯಾಲಸ್ಟ್ ರೆಸಿಸ್ಟರ್ ಇರುವ ಕಾರುಗಳಿಗೆ. ಹೊರಗಿಂದ ಎರಡೂ ಒಂದೇ ಥರ. ತಪ್ಪಿ ಅದನ್ನು ಹಾಕಿದರೆ ಕರೆಂಟು ಹೆಚ್ಚೂಕಮ್ಮಿ ದುಪ್ಪಟ್ಟು ಹರಿದು ಕಾಯಿಲ್ ಮುಟ್ಟಲಾರದಷ್ಟು ಸುಡುತ್ತದೆ, ಪಾಯಿಂಟ್ ಬೇಗ ಸುಟ್ಟುಹೋಗುತ್ತದೆ. ಅಂಗಡಿಯಲ್ಲೇ ಎರಡು ಸಣ್ಣ ಟರ್ಮಿನಲ್ ನಡುವೆ ಮೀಟರ್ ಹಿಡಿಯಿರಿ.

ಪ್ಲಗ್ಗಿಗೂ ಅಷ್ಟೇ, ಹಳೆಯದರ ಪಕ್ಕದಲ್ಲಿಟ್ಟು ಚೂಡಿಯ (ಥ್ರೆಡ್ಡಿನ) ಉದ್ದ ನೋಡಿ. 14 ಮಿಲಿಮೀಟರ್ ಪ್ಲಗ್ಗಿನಲ್ಲೇ 12.7 ಮಿಲಿಮೀಟರ್ ಉದ್ದದ್ದೂ ಇದೆ, 19 ಮಿಲಿಮೀಟರ್ ಉದ್ದದ್ದೂ ಇದೆ. ಗಿಡ್ಡದನ್ನು ಹಾಕಿದರೆ ಮಸಿ ಕಟ್ಟಿ ಮಿಸ್ಸಿಂಗ್ ಬರುತ್ತದೆ, ಉದ್ದದ್ದು ತಪ್ಪು ಹೆಡ್ಡಿಗೆ ಹೋದರೆ ಪಿಸ್ಟನ್ನಿಗೇ ಬಡಿಯಬಹುದು. ಬೆಂಗಳೂರು ಆಡುಗೋಡಿಯ ಮೈಕೋ ಪ್ಲಗ್ಗಿನ ಹಳೆ ಡಬ್ಬಿಗಳು ಈಗಲೂ ಅಲ್ಲಲ್ಲಿ ಸಿಗುತ್ತವೆ. ಆ ಕಂಪನಿಯ ಹೆಸರು 2008ರಲ್ಲೇ ಬಾಷ್ ಲಿಮಿಟೆಡ್ ಆಯಿತು. ಮೈಕೋ ಹೆಸರಿನ ಡಬ್ಬಿ ಹೊಚ್ಚಹೊಸದರ ಹಾಗೆ ಹೊಳೆಯುತ್ತಿದ್ದರೆ ಎರಡು ಸಲ ಯೋಚಿಸಿ.

ಪೇಂಟ್ ಆದ ಮೇಲೆ ಬಂದ ತೊಂದರೆ

ಬಾಡಿ ಪೂರ್ತಿ ಪೇಂಟ್ ಮಾಡಿಸಿದ ಮೇಲೆ ಸೆಲ್ಫ್ ನಿಧಾನ ತಿರುಗುತ್ತಿದೆ, ಲೈಟ್ ಮಂದ, ಮೀಟರುಗಳು ಕುಣಿಯುತ್ತವೆ ಅಂದರೆ ಬ್ಯಾಟರಿ ಬದಲಾಯಿಸಲು ಓಡಬೇಡಿ. ಅರ್ಥ್ ಕೂರುವ ಜಾಗಗಳಿಗೂ ಪೇಂಟರ್ ಚೆನ್ನಾಗಿ ಬಣ್ಣ ಹೊಡೆದಿರುತ್ತಾನೆ. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿದೆ, ಬಾಡಿಗೂ ಅದಕ್ಕೂ ಇರುವ ಒಂದೇ ದಾರಿ ಹೆಣೆದ ತಾಮ್ರದ ಪಟ್ಟಿ. ಜೋಡಿಸುವಾಗ ಅದನ್ನು ಮರೆಯುವುದು ಸಾಮಾನ್ಯ. ಆಗ ಸೆಲ್ಫಿನ ಅಷ್ಟೂ ಕರೆಂಟು ಚೋಕ್ ಕೇಬಲ್ಲಿನ ಮೂಲಕ ದಾರಿ ಹುಡುಕುತ್ತದೆ. ಸೆಲ್ಫ್ ಹೊಡೆದ ಮೇಲೆ ಚೋಕ್ ಕೇಬಲ್ ಬೆಚ್ಚಗಾಗಿದ್ದರೆ ಬೇರೆ ಪರೀಕ್ಷೆಯೇ ಬೇಡ.

ಅಳೆಯುವುದಾದರೆ, ಬ್ಯಾಟರಿಯ ಅರ್ಥ್ ಕಂಬಕ್ಕೂ ಎಂಜಿನ್ ಬ್ಲಾಕಿಗೂ ಮೀಟರ್ ಹಚ್ಚಿ ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ದಾರಿಯಲ್ಲಿ ಎಲ್ಲೋ ಬಣ್ಣ ಅಥವಾ ತುಕ್ಕು ಅಡ್ಡ ಇದೆ. ಬೋಲ್ಟ್ ಕೂರುವಷ್ಟು ಜಾಗವನ್ನು ಲೋಹ ಹೊಳೆಯುವ ತನಕ ಕೆರೆದು ಬಿಗಿದು, ಮೇಲೆ ಸ್ವಲ್ಪ ಗ್ರೀಸ್ ಹಚ್ಚಿ.

ಪೆಟ್ರೋಲಿನ ಕಡೆ

ಕಿಡಿ ಚೆನ್ನಾಗಿದ್ದೂ ಕಾರು ನಿಂತರೆ ಮೊದಲು ಟ್ಯಾಂಕಿನ ಮುಚ್ಚಳ ತೆಗೆಯಿರಿ. ಉಸ್ ಅಂತ ಗಾಳಿ ಒಳಗೆ ಎಳೆದುಕೊಂಡರೆ ಮುಚ್ಚಳದಲ್ಲಿ ಗಾಳಿಯ ತೂತಿಲ್ಲ. ಹೊಸ ಮುಚ್ಚಳ ಹಾಕಿಸಿದ್ದೀರಾ ನೆನಪು ಮಾಡಿಕೊಳ್ಳಿ. ಪೆಟ್ರೋಲ್ ಖರ್ಚಾದಂತೆ ಟ್ಯಾಂಕಿನೊಳಗೆ ಗಾಳಿ ತೆಳುವಾಗಿ, ಪಂಪ್ ಎಳೆಯಲಾರದೆ ಸೋಲುತ್ತದೆ. ನಿಲ್ಲಿಸಿದ ಮೇಲೆ ನಿಧಾನಕ್ಕೆ ಗಾಳಿ ಸೇರಿ ಮತ್ತೆ ಓಡುತ್ತದೆ. ಲಕ್ಷಣ ಥೇಟ್ ಕಂಡೆನ್ಸರ್ ಹೋದ ಹಾಗೇ ಇರುತ್ತದೆ. ಅದಕ್ಕೇ ಕಿಡಿಯ ಪರೀಕ್ಷೆ ಮೊದಲು ಮಾಡಿ ಅಂದಿದ್ದು.

ಆಮೇಲೆ ಪಂಪ್. ಕಾರ್ಬುರೇಟರ್ ಕಡೆಯ ಪೈಪ್ ಬಿಚ್ಚಿ ಬಾಟಲಿಯೊಳಗೆ ಬಿಟ್ಟು, ಕಾಯಿಲ್ ವೈರು ಬಿಚ್ಚಿಟ್ಟು ಸೆಲ್ಫ್ ಹೊಡೆಸಿ. ಎಂಜಿನ್ ತಣ್ಣಗಿರುವಾಗ ಮಾತ್ರ ಇದನ್ನು ಮಾಡಿ. ಪೆಟ್ರೋಲ್ ಚಿಲ್ ಚಿಲ್ ಅಂತ ಬಿಟ್ಟು ಬಿಟ್ಟು ಜೋರಾಗಿ ಬರಬೇಕು. ಗುಳ್ಳೆ ಗುಳ್ಳೆಯಾಗಿ ಬಂದರೆ ಟ್ಯಾಂಕಿಗೂ ಪಂಪಿಗೂ ನಡುವೆ ಎಲ್ಲೋ ಗಾಳಿ ಸೇರುತ್ತಿದೆ. ಆ ಭಾಗದಲ್ಲಿ ಪೈಪ್ ಬಿರುಕು ಬಿಟ್ಟರೂ ಎಂಜಿನ್ ಓಡುವಾಗ ಪೆಟ್ರೋಲ್ ಹೊರಗೆ ತೊಟ್ಟಿಕ್ಕಲ್ಲ, ಗಾಳಿ ಒಳಗೆ ಹೋಗುತ್ತದೆ ಅಷ್ಟೇ. ಹಾಗಾಗಿ ಕಣ್ಣಿಗೆ ಬೀಳಲ್ಲ.

ಹೊಸ ಪಂಪ್ ಹಾಕಿದ ಮೇಲೆ ಕಾರ್ಬುರೇಟರ್ ಉಕ್ಕಿ ಹರಿಯುತ್ತಿದ್ದರೆ ಪಂಪಿಗೂ ಬ್ಲಾಕಿಗೂ ನಡುವಿನ ಪ್ಯಾಕಿಂಗ್ ನೋಡಿ. ಹಳೆ ದಪ್ಪ ಪ್ಯಾಕಿಂಗ್ ಬಿಟ್ಟು ತೆಳ್ಳಗಿನ ಪೇಪರ್ ಗ್ಯಾಸ್ಕೆಟ್ ಹಾಕಿದ್ದರೆ ಪಂಪಿನ ಲಿವರ್ ಜಾಸ್ತಿ ಒತ್ತಿಸಿಕೊಳ್ಳುತ್ತದೆ, ಫ್ಲೋಟ್ ಸೂಜಿ ತಡೆಯಲಾರದಷ್ಟು ಪೆಟ್ರೋಲ್ ನುಗ್ಗುತ್ತದೆ. ಇಲ್ಲಿ ಸೂಜಿಯನ್ನು ಎಷ್ಟು ಸಲ ಬದಲಾಯಿಸಿದರೂ ಉಪಯೋಗ ಇಲ್ಲ. ಆಯಿಲ್ ಡಿಪ್‌ಸ್ಟಿಕ್ ಮೂಸಿಯೂ ನೋಡಿ. ಪೆಟ್ರೋಲ್ ವಾಸನೆ ಬಂದು ಆಯಿಲ್ ಮಟ್ಟ ಏರಿದ್ದರೆ ಪಂಪಿನ ಡಯಾಫ್ರಮ್ (ಒಳಗಿನ ರಬ್ಬರ್ ಪರದೆ) ಹರಿದು ಪೆಟ್ರೋಲ್ ಕೆಳಗೆ ಇಳಿಯುತ್ತಿದೆ. ಅಂಥ ಆಯಿಲ್‌ನಲ್ಲಿ ಎಂಜಿನ್ ಓಡಿಸಬಾರದು.

ರಬ್ಬರಿನ ಬಗ್ಗೆ ಒತ್ತಿ ಹೇಳಬೇಕು. ಶೇಕಡಾ 20 ಎಥೆನಾಲ್ ಬೆರೆತ ಇ20 ಪೆಟ್ರೋಲ್‌ಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಕೊಟ್ಟರು, ಈಗ ಬಂಕುಗಳಲ್ಲಿ ಅದೇ ಸಿಗುವುದು. ಅಂಬಾಸಡರ್ ಕಾಲದ ರಬ್ಬರು ಇದಕ್ಕೆ ಮಾಡಿದ್ದಲ್ಲ. ಪೈಪ್ ಒಳಗಡೆಯಿಂದ ಮೆತ್ತಗಾಗಿ ಕಪ್ಪು ಚೂರುಗಳು ಕಾರ್ಬುರೇಟರಿನ ಜೆಟ್ಟಿಗೆ ಬಂದು ಕೂರುತ್ತವೆ. ಹಳೆ ಸ್ಟಾಕಿನ ಡಯಾಫ್ರಮ್ ಕಿಟ್ ಎಷ್ಟೇ ಒರಿಜಿನಲ್ ಆಗಿರಲಿ, ಬೇಡ. ಎಥೆನಾಲ್ ತಡೆಯುತ್ತದೆ ಅಂತ ಮೈಮೇಲೆ ಅಚ್ಚಾಗಿರುವ ಹೊಸ ಹೋಸ್ ಪೈಪನ್ನೇ ಹಾಕಿ. ಕಾರು ತಿಂಗಳುಗಟ್ಟಲೆ ನಿಲ್ಲುವುದಾದರೆ ಟ್ಯಾಂಕ್ ಖಾಲಿ ಮಾಡಿಡಿ. ಎಥೆನಾಲ್ ಗಾಳಿಯ ತೇವ ಹೀರುತ್ತದೆ, ಟ್ಯಾಂಕಿನೊಳಗೆ ತುಕ್ಕು ಏಳುತ್ತದೆ.

ಹೀಟ್ ಆಗುತ್ತಿದ್ದರೆ

ಟೈಮಿಂಗ್ ಸರಿ ಇದೆ ಅಂತ ಖಾತ್ರಿಯಾದ ಮೇಲೆ ಮಾತ್ರ ಇಲ್ಲಿಗೆ ಬನ್ನಿ. ಹೊಸ ಥರ್ಮೋಸ್ಟಾಟನ್ನು ಹಾಕುವ ಮೊದಲು ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು ಕಾಯಿಸಿ, ಮೇಲೆ ಬರೆದಿರುವ ಡಿಗ್ರಿಗೆ ಬಾಯಿ ತೆರೆಯುತ್ತದಾ ನೋಡಿ. ನಿಂತಾಗ ಸರಿ ಇದ್ದು ಹೈವೇನಲ್ಲಿ ಮಾತ್ರ ಹೀಟ್ ಆದರೆ ರೇಡಿಯೇಟರಿನ ಕೆಳಗಿನ ಹೋಸ್ ನೋಡಿ. ಎಂಜಿನ್ ರೇಸ್ ಮಾಡಿದಾಗ ಅದು ಚಪ್ಪಟೆಯಾದರೆ ಪೈಪ್ ತೀರಾ ಮೆತ್ತಗಿದೆ, ನೀರಿನ ಪಂಪ್ ಎಳೆಯುವ ರಭಸಕ್ಕೆ ಮುಚ್ಚಿಹೋಗುತ್ತಿದೆ. ಹೆಡ್ ಗ್ಯಾಸ್ಕೆಟ್ ಬದಲಾಯಿಸಿದ ಮೇಲೆ ತೊಂದರೆ ಶುರುವಾಗಿದ್ದರೆ ಗ್ಯಾಸ್ಕೆಟ್ ತಲೆಕೆಳಗಾಗಿ ಕೂತಿರಬಹುದು. ಅದರ ಮೇಲೆ 'ಟಾಪ್', 'ಫ್ರಂಟ್' ಅಂತ ಇರುತ್ತದೆ, ನಕಲಿನಲ್ಲಿ ಇರದೆಯೂ ಹೋಗಬಹುದು.

ಬ್ರೇಕ್

ಎಂಜಿನ್ ನಿಂತರೆ ಕಾರು ದಾರಿಯಲ್ಲಿ ನಿಲ್ಲುತ್ತದೆ, ಅಷ್ಟೇ. ಬ್ರೇಕಿನ ಸಾಮಾನಿನಲ್ಲಿ ಅಂದಾಜಿಗೆ ಜಾಗ ಇಲ್ಲ.

ಹೊಸ ಸಾಮಾನು ಹಾಕಿದ ಮೇಲೆ ಜಾಸ್ತಿ ಬರುವ ದೂರು, ಓಡುತ್ತಾ ಓಡುತ್ತಾ ಬ್ರೇಕ್ ತಾನೇ ಹಿಡಿದುಕೊಳ್ಳುತ್ತದೆ, ಡ್ರಮ್ ಸುಡುತ್ತದೆ. ಇದನ್ನು ಹಿಡಿಯುವ ಕ್ರಮ ಹೀಗಿದೆ. ಸಮತಟ್ಟಾದ ಜಾಗದಲ್ಲಿ, ಬೇರೆ ಗಾಲಿಗೆ ಕಲ್ಲು ಕೊಟ್ಟು, ಹಿಡಿದಿರುವ ಗಾಲಿಯನ್ನು ಜಾಕ್ ಏರಿಸಿ. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿನಿಂದ ಹೊರಡುವ ಪೈಪಿನ ನಟ್ಟನ್ನು ಸ್ವಲ್ಪ ಸಡಿಲಿಸಿ. ಗಾಲಿ ಬಿಟ್ಟುಕೊಂಡರೆ ತಪ್ಪು ಮಾಸ್ಟರ್ ಸಿಲಿಂಡರಿನ ಕಡೆ. ಬಹುಮಟ್ಟಿಗೆ ಪೆಡಲಿನ ಪುಷ್‌ರಾಡ್‌ಗೆ ಆಟವೇ ಇಲ್ಲದ ಹಾಗೆ ಬಿಗಿದಿರುತ್ತಾರೆ, ಅಥವಾ ಹೊಸ ಸಿಲಿಂಡರಿನ ಜೊತೆ ಬಂದ ರಾಡ್ ಒಂದು ಚೂರು ಉದ್ದ ಇರುತ್ತದೆ. ಪಿಸ್ಟನ್ ಪೂರ್ತಿ ಹಿಂದಕ್ಕೆ ಬರಲ್ಲ, ಆಯಿಲ್ ವಾಪಸ್ ಹೋಗುವ ಸಣ್ಣ ತೂತು ಮುಚ್ಚೇ ಇರುತ್ತದೆ, ಬಿಸಿಯಾಗಿ ಹಿಗ್ಗಿದ ಆಯಿಲ್ ಗಾಲಿಯನ್ನು ಒತ್ತುತ್ತದೆ. ಪೆಡಲಿಗೆ ಸ್ವಲ್ಪ ಆಟ ಕೊಟ್ಟರೆ ಸರಿಹೋಗುತ್ತದೆ.

ಅಲ್ಲಿ ಸಡಿಲಿಸಿದರೂ ಗಾಲಿ ಬಿಡದಿದ್ದರೆ ಆ ಗಾಲಿಯಲ್ಲಿ ಆಯಿಲ್ ಹೊರಬಿಡುವ ಬ್ಲೀಡರ್ ನಿಪ್ಪಲ್ ತೆರೆಯಿರಿ. ಈಗ ಬಿಟ್ಟುಕೊಂಡರೆ ಒತ್ತಡ ನಡುವೆ ಎಲ್ಲೋ ಸಿಕ್ಕಿಕೊಂಡಿತ್ತು. ಅಂದರೆ ರಬ್ಬರ್ ಹೋಸ್ ಒಳಗಡೆ ಊದಿಕೊಂಡು ಮುಚ್ಚಿದೆ. ಹೊರಗಿಂದ ಹೊಚ್ಚಹೊಸದಾಗಿ ಕಾಣುತ್ತದೆ, ಹಳೆ ಸ್ಟಾಕಿನ ಮಾಲಿನಲ್ಲಿ ಇದು ಬಹಳ. ನಿಪ್ಪಲ್ ತೆರೆದರೂ ಬಿಡದಿದ್ದರೆ ಆಯಿಲಿನ ತಪ್ಪಲ್ಲ, ಶೂ, ಸ್ಪ್ರಿಂಗ್ ಅಥವಾ ವೀಲ್ ಸಿಲಿಂಡರಿನ ಪಿಸ್ಟನ್ ಸಿಕ್ಕಿಕೊಂಡಿದೆ. ಎಲ್ಲ ಗಾಲಿಯ ಸೀಲುಗಳೂ ಒಟ್ಟಿಗೆ ಊದಿಕೊಂಡಿದ್ದರೆ ಯಾರೋ ಬ್ರೇಕ್ ಆಯಿಲ್ ಬದಲು ಎಂಜಿನ್ ಆಯಿಲ್ ಥರದ್ದೇನನ್ನೋ ಹಾಕಿದ್ದಾರೆ. ಆಗ ಒಂದೂ ರಬ್ಬರ್ ಉಳಿಸದೆ ಎಲ್ಲವನ್ನೂ ಬದಲಾಯಿಸಿ, ಲೈನುಗಳನ್ನು ತೊಳೆಯಬೇಕು.

ವೀಲ್ ಸಿಲಿಂಡರ್ ತರುವಾಗ ಬೋರಿನ ಅಳತೆಯನ್ನು ಕ್ಯಾಲಿಪರ್‌ನಲ್ಲಿ ನೋಡಿ. ಎಡಕ್ಕೂ ಬಲಕ್ಕೂ ಬೇರೆ ಬೇರೆ ಅಳತೆ ಹೋದರೆ ಬ್ರೇಕ್ ಒತ್ತಿದಾಗ ಕಾರು ಒಂದು ಕಡೆ ಎಳೆಯುತ್ತದೆ.

ಕೊನೆಯದು, ಪೈಪಿನ ಯೂನಿಯನ್ ನಟ್ಟು. ಅಂಬಾಸಡರ್ ಇಂಗ್ಲೆಂಡ್ ಮೂಲದ ಕಾರು, ಚೂಡಿಗಳು ಬಹುಪಾಲು ಇಂಚಿನ ಲೆಕ್ಕ. ಈಗಿನ ಕಾರುಗಳ ಬ್ರೇಕ್ ಸಾಮಾನು ಮೆಟ್ರಿಕ್. 3/8 ಇಂಚಿನ 24 ಚೂಡಿಯ ನಟ್ಟಿನ ದಪ್ಪ 9.5 ಮಿಲಿಮೀಟರ್, ಒಂದು ಚೂಡಿಯಿಂದ ಇನ್ನೊಂದಕ್ಕೆ ದೂರ 1.06 ಮಿಲಿಮೀಟರ್. ಮೆಟ್ರಿಕ್ ಎಂ10ರಲ್ಲಿ ಇವು 10 ಮತ್ತು 1. ಇಷ್ಟು ಹತ್ತಿರ ಇರುವುದರಿಂದ ಇಂಚಿನ ನಟ್ಟು ಮೆಟ್ರಿಕ್ ಸಿಲಿಂಡರಿನೊಳಗೆ ಸಲೀಸಾಗಿ ಹೋಗುತ್ತದೆ, ಬಿಗಿದ ಹಾಗೂ ಅನಿಸುತ್ತದೆ. ಆದರೆ ಹಿಡಿದಿರುವುದು ಚೂಡಿಯ ತುದಿಗಳಷ್ಟೇ. ಮನೆ ಮುಂದೆ ಮೆಲ್ಲಗೆ ಒತ್ತಿದಾಗ ನಿಲ್ಲುತ್ತದೆ, ಇಳಿಜಾರಿನಲ್ಲಿ ಗಟ್ಟಿಯಾಗಿ ತುಳಿದಾಗ ಕಿತ್ತುಬರುತ್ತದೆ. ಹೊಸ ಸಿಲಿಂಡರಿಗೆ ನಟ್ಟನ್ನು ಮೊದಲು ಕೈಯಲ್ಲೇ ತಿರುಗಿಸಿ. ಪೂರ್ತಿ ಇಳಿದ ಮೇಲೂ ಆಚೀಚೆ ಅಲ್ಲಾಡಿದರೆ ಅಲ್ಲಿಗೇ ನಿಲ್ಲಿಸಿ, ಥ್ರೆಡ್ ಗೇಜ್ ಹಿಡಿದು ಎರಡನ್ನೂ ನೋಡಿ. ಚೂಡಿ ಬೇರೆ ಅಂತ ಗೊತ್ತಾದರೆ ಟೆಫ್ಲಾನ್ ಟೇಪ್ ಸುತ್ತಿ ಹೊಂದಿಸಲು ಹೋಗಬೇಡಿ. ಆ ಸಿಲಿಂಡರನ್ನು ಅಂಗಡಿಗೇ ವಾಪಸ್ ಕೊಡಿ. ಒಂದು ಸಲ ಹಾಗೆ ಬಿಗಿದು ಬಿಚ್ಚಿದ ನಟ್ಟನ್ನೂ ಮತ್ತೆ ಬಳಸದೆ, ಪೈಪ್ ಸಮೇತ ಹೊಸದಾಗಿ ಮಾಡಿಸಿ ಹಾಕಿ.